ಪ್ಯಾಲೆಸ್ತೀನ್ ನಿರಾಶ್ರಿತರ ಶಿಬಿರಗಳ ವಾಸ್ತು

ವಾಸ್ತುಶಿಲ್ಪದ ಚರಿತ್ರೆಯೆಂದೊಡನೆ ನಮ್ಮ ಮನಸ್ಸು ದೇವಾಲಯ, ದುರ್ಗ, ಅರಮನೆಗಳ ಕಡೆಗೆ ಹರಿಯುವುದು ಸಹಜವಷ್ಟೆ. ಆದರೆ ಸ್ವಂತ ನೆಲವಿಲ್ಲದವರು ಕಟ್ಟಿಕೊಂಡ ಮನೆಗೂ ಒಂದು ಚರಿತ್ರೆಯುಂಟು. ಅಂಥ ಮನೆಯ ಛಾವಣಿಯೂ ಅದರ ಮುಂದಣ ಓಣಿಯ ಅಗಲವೂ ರಾಜಕಾರಣದ ವಿಷಯಗಳಾಗಬಲ್ಲವೆಂಬುದಕ್ಕೆ ಪ್ಯಾಲೆಸ್ತೀನ್ ನಿರಾಶ್ರಿತರ ಶಿಬಿರಗಳೇ ನಿದರ್ಶನ.

೧೯೪೮ರಲ್ಲಿ ಇಸ್ರೇಲ್ ರಾಜ್ಯವು ಸ್ಥಾಪಿತವಾದ ಯುದ್ಧಕಾಲದಲ್ಲಿ ಏಳು ಲಕ್ಷಕ್ಕೂ ಹೆಚ್ಚು ಪ್ಯಾಲೆಸ್ತೀನಿಯರು ಮನೆಮಾರುಗಳನ್ನು ಕಳೆದುಕೊಂಡರು. ಮರಳಿ ಹೋಗಿ ನೆರೆಯವರೊಡನೆ ಶಾಂತಿಯಿಂದ ಬಾಳಲಿಚ್ಛಿಸುವ ನಿರಾಶ್ರಿತರಿಗೆ ಅವಕಾಶವಾಗಬೇಕೆಂದು ಅದೇ ವರ್ಷದ ಡಿಸೆಂಬರಿನಲ್ಲಿ ವಿಶ್ವಸಂಸ್ಥೆಯ ಮಹಾಸಭೆಯು ತನ್ನ ೧೯೪ನೆಯ ನಿರ್ಣಯದಲ್ಲಿ ಹೇಳಿತು. ಆ ಮಾತು ಕಾರ್ಯಗತವಾಗಲಿಲ್ಲ. ೧೯೫೦ರ ಮೇ ತಿಂಗಳಿಂದ ಇವರ ಪರಿಹಾರಕ್ಕೆಂದು ವಿಶ್ವಸಂಸ್ಥೆಯ ಪ್ರತ್ಯೇಕ ಶಾಖೆಯೊಂದು ಕೆಲಸಕ್ಕೆ ತೊಡಗಿತು. ಜೋರ್ಡನ್, ಲೆಬನಾನ್, ಸಿರಿಯಾ, ಪಶ್ಚಿಮ ದಂಡೆ, ಗಾಜಾ ಎಂಬ ಐದು ಪ್ರದೇಶಗಳಲ್ಲಿ ಅದು ಮಾನ್ಯಮಾಡಿದ ಶಿಬಿರಗಳು ೫೮. ಅಲ್ಲಿ ನೆಲವು ನಿರಾಶ್ರಿತರದಲ್ಲ. ಅದರ ಉಪಯೋಗ ಮಾತ್ರ ಅವರದು.

ಮೊದಲು ಇದ್ದುದು ಡೇರೆಗಳು. ೧೯೫೦ರ ದಶಕದಲ್ಲಿ ಅವುಗಳ ಸ್ಥಳದಲ್ಲಿ ಸಣ್ಣ ಕೋಣೆಗಳೆದ್ದವು. ಡೇರೆಯನ್ನು ಬಿಟ್ಟು ಗೋಡೆಯೊಳಗೆ ಹೋದರೆ ಹುಟ್ಟೂರಿನ ಹಕ್ಕನ್ನೇ ಬಿಟ್ಟುಕೊಟ್ಟಂತಾಗುವುದೋ ಎಂಬ ಶಂಕೆ ಅನೇಕರನ್ನು ಬಾಧಿಸಿತು. ಆದರೂ ಮಕ್ಕಳು ಬೆಳೆದರು, ಮದುವೆಯಾದರು; ಒಂದು ಕೋಣೆ ಎರಡಾಯಿತು. ಶಿಬಿರದ ಎಲ್ಲೆ ಬೆಳೆಯಲಿಲ್ಲವಾದುದರಿಂದ ಮನೆಗಳು ಮೇಲಕ್ಕೆ ಬೆಳೆದವು, ಓಣಿಗಳು ಕಿರಿದಾದವು. ಒಂದೂರಿನವರು ಒಂದೆಡೆ ನೆಲಸಿ ತಮ್ಮ ಕೇರಿಗೆ ಆ ಊರಿನ ಹೆಸರನ್ನೇ ಇಟ್ಟುಕೊಂಡರು. ಲೆಬನಾನಿನ ಐನ್ ಅಲ್-ಹಿಲ್ವೆ ಶಿಬಿರದಲ್ಲಿ ಸಫ್ಫೂರಿಯಾ, ಲೂಬಿಯಾ ಎಂಬ ಗಲಿಲೀ ಸೀಮೆಯ ಗ್ರಾಮಗಳ ಹೆಸರು ಹೀಗೆ ಉಳಿದಿವೆ.

ಆಳುವವರಿಗೂ ಗಟ್ಟಿ ಮನೆಯೆಂದರೆ ಅಂಜಿಕೆಯೇ. ಲೆಬನಾನಿನಲ್ಲಿ ೧೯೬೯ರ ಕೈರೋ ಒಪ್ಪಂದದವರೆಗೆ ಶಿಬಿರಗಳು ಗೂಢಚಾರ ಇಲಾಖೆಯ ಕಾವಲಿನಲ್ಲಿದ್ದವು. ಕಾಂಕ್ರೀಟಿನ ಛಾವಣಿಗೆ ಅಲ್ಲಿ ನಿಷೇಧವಿದ್ದು, ತಗಡಿನ ಮಾಡೇ ಗತಿಯಾಗಿತ್ತು. ಛಾವಣಿ ಗಟ್ಟಿಯಾದರೆ ಅತಿಥಿಯು ಮನೆಯವನಾಗುವನೆಂಬ ಭೀತಿ!

ಇಸ್ರೇಲಿನ ಸೈನ್ಯಕ್ಕೆ ತೊಡಕಾದುದು ಓಣಿ. ೧೯೭೧ರಲ್ಲಿ ಗಾಜಾದ ಶಿಬಿರಗಳೊಳಗೆ ಸೈನಿಕರ ಸಂಚಾರಕ್ಕೆಂದು ಮನೆಗಳನ್ನು ಕೆಡವಿ ಅಗಲವಾದ ದಾರಿಗಳನ್ನು ತೆಗೆದರು. ೨೦೦೨ರ ಏಪ್ರಿಲಿನಲ್ಲಿ ಜೆನಿನ್ ಶಿಬಿರದ ನಡುಭಾಗವು ನೆಲಸಮವಾಯಿತು. ಪುನರ್ನಿರ್ಮಾಣಕ್ಕೆ ಬಂದವರು ಸದುದ್ದೇಶದಿಂದಲೇ ದಾರಿಗಳನ್ನು ಅಗಲಮಾಡಹೊರಟಾಗ, ಇದರಿಂದ ಟ್ಯಾಂಕುಗಳಿಗೆ ಬಾಗಿಲು ತೆರೆದಂತಾಗುವುದೆಂದು ನಿವಾಸಿಗಳಲ್ಲಿ ಹಲವರು ಆಕ್ಷೇಪಿಸಿದರು. ಬೇರೆ ಊರಿನಲ್ಲಿ ಪೌರಸೌಕರ್ಯವೆನಿಸುವುದು ಇಲ್ಲಿ ಅಪಾಯವೆನಿಸಿತು. ೨೦೨೫ರ ಜನವರಿಯಿಂದ ನಡೆದ ಸೈನಿಕ ಕಾರ್ಯಾಚರಣೆಯಲ್ಲಿ ಜೆನಿನ್, ತುಲ್ಕರಂ, ನೂರ್ ಶಮ್ಸ್ ಶಿಬಿರಗಳ ಸಾವಿರಾರು ಮಂದಿ ಮನೆಬಿಟ್ಟು ಹೋಗಬೇಕಾಯಿತು. ಮನೆಗಳಿದ್ದ ಕಡೆ ಮತ್ತೆ ಅಗಲವಾದ ದಾರಿಗಳಾದವು.

ಹಾಗಾದರೆ ಚೆನ್ನಾಗಿ ಬಾಳುವುದಕ್ಕೂ ಮರಳುವ ಹಕ್ಕಿಗೂ ವಿರೋಧವುಂಟೇ? ಹೆಬ್ರಾನಿನ ಬಳಿಯ ಫವ್ವಾರ್ ಶಿಬಿರದವರು ಇದಕ್ಕೆ ತಮ್ಮದೇ ಆದ ಉತ್ತರ ಕೊಟ್ಟಿದ್ದಾರೆ. ಶಿಬಿರದೊಳಗೊಂದು ಸಾರ್ವಜನಿಕ ಚೌಕವನ್ನು ಮಾಡಬೇಕೆಂಬ ಸೂಚನೆಯನ್ನು ಸ್ಥಪತಿ ಸಾಂಡಿ ಹಿಲಾಲ್ ಮೊದಲಾದವರು ಮುಂದಿಟ್ಟಾಗ, ಚೌಕವು ನೆಲೆನಿಂತ ಪಟ್ಟಣದ ಲಕ್ಷಣವಲ್ಲವೇ ಎಂಬ ಸಂದೇಹವೆದ್ದಿತು. ಹೆಂಗಸರು ಬಯಲಿನಲ್ಲಿ ಹೇಗೆ ಕೂಡುವರೆಂಬ ಪ್ರಶ್ನೆಯೂ ಬಂದಿತು. ದೀರ್ಘ ಸಮಾಲೋಚನೆಯ ತರುವಾಯ ಸುತ್ತಲೂ ಗೋಡೆಯುಳ್ಳ, ಮೇಲೆ ಮಾಡಿಲ್ಲದ ಮನೆಯಂತೆ ಆ ಚೌಕವನ್ನು ಕಟ್ಟಿದರು. ಅಲ್ಲಿ ಹೆಂಗಸರೂ ಕೂಡತೊಡಗಿದರು. ಇದರಿಂದ ಯಾರೂ ತಮ್ಮ ಊರನ್ನು ಮರೆತಂತಾಗಲಿಲ್ಲ.

೨೦೨೩ರ ಅಕ್ಟೋಬರಿನಲ್ಲಿ ಆರಂಭವಾದ ಯುದ್ಧದಲ್ಲಿ ಗಾಜಾದ ಜಬಾಲಿಯಾ ಮೊದಲಾದ ಶಿಬಿರಗಳು ಹಾಳಾಗಿ, ಲಕ್ಷಾಂತರ ಜನರು ಪುನಃ ಡೇರೆಗಳನ್ನು ಸೇರಿದರು. ಎಪ್ಪತ್ತೈದು ವರ್ಷಗಳಲ್ಲಿ ಕಟ್ಟಿದ ಗೋಡೆಗಳು ಅವರ ಹಕ್ಕನ್ನು ಅಳಿಸಿರಲಿಲ್ಲ. ಆ ಗೋಡೆಗಳು ಬಿದ್ದುದರಿಂದಲೂ ಅದು ಅಳಿಯಲಾರದು.