ಕರ್ನಲ್ ಬ್ಲಿಂಪನ ಬಾಳೂ ಸಾವೂ

ರಾಜ್ಯವೊಂದು ಪ್ರಾಣಾಂತಿಕವಾದ ಯುದ್ಧದಲ್ಲಿ ತೊಡಗಿರುವಾಗ, ಅದರ ಸೇನಾನಿಗಳ ಲೋಪಗಳನ್ನು ಎತ್ತಿ ತೋರಿಸಲು ಕಲಾವಿದನಿಗೆ ಅಧಿಕಾರವುಂಟೆ? ೧೯೪೨ರಲ್ಲಿ ಈ ಪ್ರಶ್ನೆಯು ಇಂಗ್ಲೆಂಡಿನ ಮಂತ್ರಿಮಂಡಲದವರೆಗೂ ಹೋಯಿತು. ಅದಕ್ಕೆ ಕಾರಣವಾದುದು ಒಂದು ಚಲಚ್ಚಿತ್ರ.

ಬ್ಲಿಂಪನು ಮೊದಲು ಹುಟ್ಟಿದುದು ವ್ಯಂಗ್ಯಚಿತ್ರದಲ್ಲಿ. ನ್ಯೂಜಿಲೆಂಡಿನಿಂದ ಬಂದು ಲಂಡನ್ನಿನಲ್ಲಿ ನೆಲಸಿದ್ದ ಡೇವಿಡ್ ಲೋ ಅವರು ೧೯೩೪ರಲ್ಲಿ ‘ಈವನಿಂಗ್ ಸ್ಟ್ಯಾಂಡರ್ಡ್’ ಪತ್ರಿಕೆಯಲ್ಲಿ ಅವನನ್ನು ಸೃಷ್ಟಿಸಿದರು. ಬೊಜ್ಜಿನ ಮೈ, ಬೋಳುತಲೆ, ಇಳಿಬಿದ್ದ ಮೀಸೆ; ಹಬೆಯ ಸ್ನಾನಗೃಹದಲ್ಲಿ ಸೊಂಟಕ್ಕೆ ಬಟ್ಟೆ ಸುತ್ತಿ ನಿಂತು, ಲೋಕದ ಸಕಲ ವಿಷಯಗಳಲ್ಲಿಯೂ ಒಂದಕ್ಕೊಂದು ಹೊಂದದ ತೀರ್ಪುಗಳನ್ನು ಕೊಡುವುದೇ ಅವನ ಕೆಲಸ. ಹೊಸದನ್ನು ಕಲಿಯಲೊಲ್ಲದವರಿಗೆಲ್ಲ ಅವನ ಹೆಸರು ಬೇಗನೆ ಅಂಟಿತು.

ಮೈಕೇಲ್ ಪವೆಲ್, ಎಮೆರಿಕ್ ಪ್ರೆಸ್‌ಬರ್ಗರ್ ಎಂಬಿಬ್ಬರು ಈ ಹೆಸರಿನ ಚಿತ್ರವನ್ನು ತೆಗೆಯಹೊರಟಾಗ, ಸೇನೆಯ ಮಾನಕ್ಕೆ ಕುಂದುಂಟಾಗುವುದೆಂದು ಯುದ್ಧಮಂತ್ರಿ ಸರ್ ಜೇಮ್ಸ್ ಗ್ರಿಗ್ ಆಕ್ಷೇಪಿಸಿದರು. ಪ್ರಧಾನಮಂತ್ರಿ ಚರ್ಚಿಲ್ಲರು ಆ ಸೆಪ್ಟೆಂಬರಿನಲ್ಲಿ, ಈ ಅವಿವೇಕವನ್ನು ನಿಲ್ಲಿಸುವ ಉಪಾಯವೇನೆಂದು ವಾರ್ತಾಮಂತ್ರಿ ಬ್ರೆಂಡನ್ ಬ್ರಾಕನ್ನರನ್ನು ಕೇಳಿದರು. ಅಂತಹ ಅಧಿಕಾರ ತಮಗಿಲ್ಲವೆಂಬುದು ಬ್ರಾಕನ್ನರ ಉತ್ತರ. ಸೇನೆಯು ನೆರವು ನೀಡಲಿಲ್ಲ. ನಾಯಕಪಾತ್ರಕ್ಕೆ ಬಯಸಿದ್ದ ಲಾರೆನ್ಸ್ ಒಲಿವಿಯೇ ಅವರಿಗೆ ನೌಕಾದಳದಿಂದ ಬಿಡುವು ದೊರೆಯಲಿಲ್ಲ. ರಾಜರ್ ಲಿವ್ಸೆ ಆ ಪಾತ್ರವನ್ನು ವಹಿಸಿದರು. ೧೯೪೩ರ ಜೂನಿನಲ್ಲಿ ಚಿತ್ರವು ಲಂಡನ್ನಿನಲ್ಲಿ ಪ್ರಕಟವಾಯಿತು.

ನೋಡಿದವರಿಗೆ ಅಲ್ಲಿ ಕಂಡುದು ಅಪಹಾಸ್ಯವಲ್ಲ, ಕರುಣೆ. ರಾತ್ರಿ ಹನ್ನೆರಡಕ್ಕೆ ಆರಂಭವಾಗಬೇಕಾದ ಅಣಕುಯುದ್ಧದಲ್ಲಿ, ತರುಣ ಅಧಿಕಾರಿಯೊಬ್ಬನು ನಿಯಮ ಮೀರಿ ಹಗಲಿನಲ್ಲಿಯೇ ಸ್ನಾನಗೃಹಕ್ಕೆ ನುಗ್ಗಿ ಮುದಿಸೇನಾನಿ ಕ್ಯಾಂಡಿಯನ್ನು ಸೆರೆಹಿಡಿಯುತ್ತಾನೆ. ಶತ್ರುವು ಹೊತ್ತು ನೋಡಿ ಬರುವನೇ ಎಂಬುದು ತರುಣನ ವಾದ. ಆಗ ಕಥೆಯು ೧೯೦೨ಕ್ಕೆ ಹಿಂದಿರುಗಿ, ಮುದುಕನಲ್ಲಿ ಅಡಗಿದ್ದ ತರುಣನನ್ನು ತೋರಿಸುತ್ತದೆ. ಬರ್ಲಿನ್ನಿನಲ್ಲಿ ಮಾತಿಗೆ ಮಾತು ಬೆಳೆದು ಕ್ಯಾಂಡಿಯು ಜರ್ಮನ್ ಅಧಿಕಾರಿ ಥಿಯೋ ಎಂಬುವನೊಡನೆ ದ್ವಂದ್ವಯುದ್ಧ ಮಾಡಬೇಕಾಗುತ್ತದೆ. ಇಬ್ಬರೂ ಗಾಯಗೊಂಡು ಒಂದೇ ಆಸ್ಪತ್ರೆಯಲ್ಲಿ ಗೆಳೆಯರಾಗುತ್ತಾರೆ. ಜಗತ್ತೇ ನಕ್ಕ ಆ ದಪ್ಪಮೀಸೆ ಅಲ್ಲಿ ಬೆಳೆದುದು, ತುಟಿಯ ಮೇಲಿನ ಕತ್ತಿಯ ಗಾಯವನ್ನು ಮರೆಮಾಡಲು!

ಕ್ಯಾಂಡಿಯು ಮನದಲ್ಲೇ ಒಲಿದಿದ್ದ ಹೆಣ್ಣು ಥಿಯೋನನ್ನು ವರಿಸುತ್ತಾಳೆ. ಅವಳನ್ನೇ ಹೋಲುವ ದಾದಿಯನ್ನು ಇವನು ಮುಂದೆ ಮದುವೆಯಾಗುತ್ತಾನೆ. ಈ ಇಬ್ಬರನ್ನೂ, ಮುದಿತನದಲ್ಲಿ ಇವನ ವಾಹನ ನಡೆಸುವ ತರುಣಿಯನ್ನೂ ಡೆಬೋರಾ ಕರ್ ಒಬ್ಬರೇ ಅಭಿನಯಿಸಿದ್ದಾರೆ.

ಚಿತ್ರದ ತಿರುಳು ಥಿಯೋನ ಮಾತಿನಲ್ಲಿದೆ. ಹೆಂಡತಿಯನ್ನು ಕಳೆದುಕೊಂಡು, ಮಕ್ಕಳು ನಾಟ್ಸಿಗಳಾದುದನ್ನು ಕಂಡು, ವೃದ್ಧಾಪ್ಯದಲ್ಲಿ ಇಂಗ್ಲೆಂಡಿಗೆ ಶರಣು ಬಂದವನು ಅವನು. ಧರ್ಮಯುದ್ಧದಲ್ಲಿ ಸೋತರೂ ಸರಿ, ಅಧರ್ಮದಿಂದ ಗೆಲ್ಲಬಾರದೆಂದು ಗೆಳೆಯನು ಹೇಳುವಾಗ, ಈ ಸೋಲಿನ ಬಳಿಕ ಮರುಪಂದ್ಯವಿಲ್ಲವೆಂದು ಎಚ್ಚರಿಸುವವನು ಅವನೇ. ಇಂಗ್ಲೆಂಡಿಗೆ ಬುದ್ಧಿ ಹೇಳಲು ಜರ್ಮನನೊಬ್ಬನನ್ನು ನಿಲ್ಲಿಸಿದುದು ಆ ದಿನಗಳಲ್ಲಿ ಸಾಹಸವೇ ಸರಿ. ಆದರೆ ಬರೆದ ಪ್ರೆಸ್‌ಬರ್ಗರರು ಬರ್ಲಿನ್ನನ್ನು ತೊರೆದು ಬಂದ ಹಂಗೆರಿಯ ಯೆಹೂದ್ಯರು. ಆ ಮಾತನ್ನಾಡಿದ ಆಂಟನ್ ವಾಲ್‌ಬ್ರೂಕರು ವಿಯೆನ್ನಾದಲ್ಲಿ ಹುಟ್ಟಿದವರು. ಅದು ಅನುಭವಿಸಿ ಅರಿತವರ ವಾಣಿ.

ಹೊರದೇಶಗಳಿಗೆ ಚಿತ್ರವನ್ನು ಕಳುಹಿಸಲು ಸರ್ಕಾರವು ಕೆಲವು ತಿಂಗಳು ಅಡ್ಡಿಮಾಡಿತು. ಅನಂತರ ಅಮೆರಿಕದಲ್ಲಿ ಅದನ್ನು ಬಹಳವಾಗಿ ಕತ್ತರಿಸಿ ತೋರಿಸಿದರು. ೧೬೩ ನಿಮಿಷಗಳ ಮೂಲರೂಪವು ಮತ್ತೆ ಸಿದ್ಧವಾದುದು ೧೯೮೩ರಲ್ಲಿ.

ಕೊನೆಯಲ್ಲಿ ಬಾಂಬಿಗೆ ಸಿಕ್ಕ ಕ್ಯಾಂಡಿಯ ಮನೆಯ ಸ್ಥಳದಲ್ಲಿ ನೀರಿನ ಕೊಳವಿದೆ. ಮನೆಯು ಕೆರೆಯಾಗುವವರೆಗೂ ಬದಲಾಗೆನೆಂದು ಅವನು ಹೆಂಡತಿಗೆ ಮಾತು ಕೊಟ್ಟಿದ್ದನು. ತನ್ನನ್ನು ಸೆರೆಹಿಡಿದ ತರುಣನನ್ನು ಶಿಕ್ಷಿಸದೆ ಊಟಕ್ಕೆ ಕರೆಯಲು ನಿಶ್ಚಯಿಸಿ, ಬೀದಿಯಲ್ಲಿ ಸಾಗುವ ಹೊಸ ಸೇನೆಗೆ ಅವನು ವಂದನೆ ಸಲ್ಲಿಸುತ್ತಾನೆ. ಸತ್ತವನು ಬ್ಲಿಂಪ್, ಉಳಿದವನು ಕ್ಯಾಂಡಿ. ಈ ಭೇದವನ್ನು ಚಿತ್ರ ಸಿದ್ಧವಾಗುವ ಮೊದಲೇ ಅಂಜಿದವರು ಊಹಿಸಲಾರದೆ ಹೋದರು.