ಆಕರ ಸಂಕೇತದ ಓದುಗರು: ಯುನಿಕ್ಸ್‌ನಿಂದ ಲಿನಕ್ಸ್‌ವರೆಗಿನ ಮುಕ್ತ ಕಾರ್ಯಾಚರಣ ವ್ಯವಸ್ಥೆಗಳು

ಮುಕ್ತ ಕಾರ್ಯಾಚರಣ ವ್ಯವಸ್ಥೆಗಳು ಜನರನ್ನು ಸೆಳೆದದ್ದೇಕೆ ಎಂಬ ಪ್ರಶ್ನೆಗೆ ಸಾಮಾನ್ಯವಾಗಿ ಸಿಗುವ ಉತ್ತರಗಳು ಎರಡು. ಅವು ಪುಕ್ಕಟೆ ಸಿಗುತ್ತವೆ ಎಂಬುದು ಒಂದು, ತಾಂತ್ರಿಕವಾಗಿ ಗಟ್ಟಿ ಎಂಬುದು ಇನ್ನೊಂದು. ಎರಡರಲ್ಲೂ ಸತ್ಯಾಂಶವಿದೆ, ಆದರೆ ಚರಿತ್ರೆಯನ್ನು ಎದುರಿಗಿಟ್ಟುಕೊಂಡು ನೋಡಿದರೆ ಎರಡೂ ಸಾಲವು. 1991ರಲ್ಲಿ ಲಿನಕ್ಸ್ ಮೊದಲ ಬಾರಿಗೆ ಹೊರಬಂದಾಗ ಅದಕ್ಕೆ ಜಾಲಕ್ಕೆ ಸೇರಲು ಬರುತ್ತಿರಲಿಲ್ಲ; ಒಂದೇ ಬಗೆಯ ಪ್ರೊಸೆಸರ್‌ನ ಮೇಲೆ ಓಡುತ್ತಿತ್ತು; ಅದನ್ನು ಕಂಪೈಲ್ ಮಾಡಲು ಬೇರೊಂದು ಕಾರ್ಯಾಚರಣ ವ್ಯವಸ್ಥೆಯ ನೆರವು ಬೇಕಿತ್ತು. ಇನ್ನು ಪುಕ್ಕಟೆ ತಂತ್ರಾಂಶಗಳು ಆಗಲೂ ಬೇಕಾದಷ್ಟಿದ್ದವು. ಹಾಗಾದರೆ ಇದರ ಸುತ್ತಲೇ ಜನ ಸೇರಿದ್ದು ಯಾಕೆ? ಮೊದಲ ತಲೆಮಾರಿನ ಬಳಕೆದಾರರನ್ನು ಸೆಳೆದದ್ದು ಓದುವ ಅವಕಾಶ, ಮತ್ತು ಓದಿ ತಿದ್ದಿದ್ದು ಮತ್ತೆ ಯಾರದೋ ಬೀಗದ ಹಿಂದೆ ಸೇರದು ಎಂಬ ಕಾನೂನಿನ ಭರವಸೆ ಎಂಬುದು ಈ ಲೇಖನದ ವಾದ. ಆ ಅವಕಾಶ ಸಿಕ್ಕಿದ್ದು, ಕಳೆದುಹೋದದ್ದು, ಮರಳಿ ಬಂದದ್ದು ಪ್ರತಿಭೆಯಿಂದ ಎಷ್ಟೋ, ನ್ಯಾಯಾಲಯ ಮತ್ತು ಪರವಾನಗಿಗಳಿಂದಲೂ ಅಷ್ಟೇ.

ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಕೆನ್ ಥಾಂಪ್ಸನ್ ಮತ್ತು ಡೆನಿಸ್ ರಿಚಿ 1969ರಲ್ಲಿ ಯುನಿಕ್ಸ್ ಕೆಲಸ ಶುರು ಮಾಡಿದಾಗ ಅದರ ಒಡೆತನವಿದ್ದದ್ದು ಎಟಿ ಅಂಡ್ ಟಿ ಎಂಬ ದೂರವಾಣಿ ಕಂಪನಿಯ ಕೈಯಲ್ಲಿ. ಏಕಸ್ವಾಮ್ಯದ ಮೊಕದ್ದಮೆಯೊಂದು 1956ರಲ್ಲಿ ಒಪ್ಪಂದದಲ್ಲಿ ಮುಗಿದಾಗ, ದೂರಸಂಪರ್ಕದ ಆಚೆಗಿನ ವ್ಯಾಪಾರಕ್ಕೆ ಕೈಹಾಕದಂತೆ ಈ ಕಂಪನಿಗೆ ಕಟ್ಟು ಹಾಕಲಾಗಿತ್ತು. ಹೀಗಾಗಿ ಯುನಿಕ್ಸ್ ಅನ್ನು ಸರಕಿನಂತೆ ಮಾರುವ ದಾರಿ ಇರಲಿಲ್ಲ. ಕೇಳಿದ ವಿಶ್ವವಿದ್ಯಾಲಯಗಳಿಗೆ ಅಲ್ಪ ಶುಲ್ಕಕ್ಕೆ ಟೇಪ್ ಕಳಿಸಿಕೊಡಲಾಗುತ್ತಿತ್ತು, ಸೋರ್ಸ್ ಕೋಡ್ (ಆಕರ ಸಂಕೇತ) ಸಮೇತ. ಆದರೆ ಕೆಟ್ಟರೆ ದುರಸ್ತಿ ಇಲ್ಲ, ಕೇಳಿದರೆ ಸಹಾಯ ಇಲ್ಲ. ಈ ಕೊರತೆಯೇ ನಿರ್ಣಾಯಕವಾಯಿತೆಂದು ನನಗನ್ನಿಸುತ್ತದೆ. ಕಂಪನಿ ಕೈಬಿಟ್ಟ ಬಳಕೆದಾರರು ತಮ್ಮ ತಮ್ಮಲ್ಲೇ ತಪ್ಪು ಹುಡುಕಿ, ತಿದ್ದಿ, ತಿದ್ದುಪಡಿಗಳನ್ನು ಹಂಚಿಕೊಳ್ಳಬೇಕಾಯಿತು. 1973ರಲ್ಲಿ ಯುನಿಕ್ಸ್ ಅನ್ನು ಸಿ ಭಾಷೆಯಲ್ಲಿ ಮರುಬರೆದ ಮೇಲೆ ಈ ಓದು ಇನ್ನಷ್ಟು ಸುಲಭವಾಯಿತು, ಏಕೆಂದರೆ ಯಂತ್ರಭಾಷೆಗಿಂತ ಸಿ ಮನುಷ್ಯರು ಓದಬಹುದಾದ ಭಾಷೆ.

ಈ ಓದಿನ ಸಂಸ್ಕೃತಿಗೆ ಒಂದು ಪಠ್ಯಪುಸ್ತಕವೂ ಹುಟ್ಟಿತು. ಸಿಡ್ನಿಯ ನ್ಯೂ ಸೌತ್ ವೇಲ್ಸ್ ವಿಶ್ವವಿದ್ಯಾಲಯದ ಜಾನ್ ಲಯನ್ಸ್ ತಮ್ಮ ವಿದ್ಯಾರ್ಥಿಗಳಿಗಾಗಿ ಆರನೇ ಆವೃತ್ತಿಯ ಯುನಿಕ್ಸ್‌ನ ತಿರುಳಾದ ಕರ್ನೆಲ್‌ನ ಸುಮಾರು 9,000 ಸಾಲುಗಳನ್ನು ಒಂದು ಸಂಪುಟದಲ್ಲಿ, ಅದರ ವ್ಯಾಖ್ಯಾನವನ್ನು ಇನ್ನೊಂದರಲ್ಲಿ ಅಚ್ಚುಮಾಡಿಸಿದರು. ಮೂಲಪಾಠವನ್ನು ಮುಂದಿಟ್ಟು ಸಾಲು ಸಾಲಾಗಿ ಅರ್ಥ ಬಿಡಿಸುವ ಈ ಕ್ರಮ ನಮ್ಮ ಟೀಕಾ ಪರಂಪರೆಯನ್ನು ಬಲ್ಲವರಿಗೆ ಅಪರಿಚಿತವಲ್ಲ. ಕಾರ್ಯಾಚರಣ ವ್ಯವಸ್ಥೆ ಎಂದರೇನೆಂದು ಹೇಳುವ ಪುಸ್ತಕಗಳು ಮೊದಲೂ ಇದ್ದವು. ನಿಜವಾಗಿ ಓಡುತ್ತಿರುವ ಒಂದನ್ನು ಪೂರ್ತಿಯಾಗಿ ವಿದ್ಯಾರ್ಥಿಯ ಮೇಜಿನ ಮೇಲಿಟ್ಟದ್ದು ಹೊಸತು. 1979ರ ಏಳನೇ ಆವೃತ್ತಿಯ ಪರವಾನಗಿಯಲ್ಲಿ ಎಟಿ ಅಂಡ್ ಟಿ, ಸೋರ್ಸ್ ಕೋಡನ್ನು ತರಗತಿಯಲ್ಲಿ ಪಾಠ ಮಾಡುವಂತಿಲ್ಲ ಎಂದಿತು. ಲಯನ್ಸ್ ಅವರ ಪುಸ್ತಕ ಝೆರಾಕ್ಸ್ ಪ್ರತಿಗಳಾಗಿ, ಪ್ರತಿಯ ಪ್ರತಿಗಳಾಗಿ, ಅಕ್ಷರ ಮಸುಕಾಗುವವರೆಗೂ ಕೈಯಿಂದ ಕೈಗೆ ಸಾಗಿತು. ಬಹಿರಂಗವಾಗಿ ಪ್ರಕಟವಾಗಲು 1996 ಬರಬೇಕಾಯಿತು. ಎರಡು ದಶಕ ಹತ್ತಿರ ಒಂದು ಪಠ್ಯವನ್ನು ಕದ್ದು ಓದಿದ ತಲೆಮಾರಿಗೆ ಓದುವುದರ ಬೆಲೆ ಏನೆಂದು ವಿವರಿಸಿ ಹೇಳಬೇಕಾಗಿರಲಿಲ್ಲ. ಮುಂದಿನ ಬೆಳವಣಿಗೆಗಳನ್ನು ಈ ನಿಷೇಧಕ್ಕೆ ಬಂದ ಬೇರೆ ಬೇರೆ ಉತ್ತರಗಳೆಂದು ಓದಬಹುದು.

ಆಂಸ್ಟರ್‌ಡಾಮ್‌ನ ಪ್ರಾಧ್ಯಾಪಕ ಆಂಡ್ರ್ಯೂ ಟನೆನ್‌ಬಾಮ್ ಅವರ ಉತ್ತರ ಶಿಕ್ಷಕನದು. ಯುನಿಕ್ಸ್ ಅನ್ನು ಪಾಠ ಮಾಡುವಂತಿಲ್ಲವಾದರೆ ಪಾಠಕ್ಕೆಂದೇ ಯುನಿಕ್ಸ್‌ನಂಥದ್ದೊಂದನ್ನು ಬರೆದರಾಯಿತು ಎಂದು ಅವರು 1987ರಲ್ಲಿ ಪಠ್ಯಪುಸ್ತಕದ ಜೊತೆಗೆ ಮಿನಿಕ್ಸ್ ಹೊರತಂದರು. ಯಾರು ಬೇಕಾದರೂ ಕೊಂಡು ಓದಬಹುದಿತ್ತು, ಆದರೆ ತಿದ್ದಿದ ಪ್ರತಿಯನ್ನು ಹಂಚುವಂತಿರಲಿಲ್ಲ. ವಿದ್ಯಾರ್ಥಿಯ ತಲೆಗೆ ಒಂದು ಸೆಮಿಸ್ಟರಿನಲ್ಲಿ ಹಿಡಿಸುವಷ್ಟಿರಬೇಕು ಎಂಬ ಕಾರಣಕ್ಕೆ ಬಳಕೆದಾರರು ಕೇಳಿದ ಹೊಸ ಸೌಲಭ್ಯಗಳನ್ನು ಟನೆನ್‌ಬಾಮ್ ಒಪ್ಪಲಿಲ್ಲ. ಶಿಕ್ಷಕರಾಗಿ ಅವರ ನಿಲುವು ಸರಿಯಾದದ್ದೇ. ಆದರೆ ಓದಿ ಮುಗಿಸಿದವರು ಮುಂದೇನು ಮಾಡಬೇಕು ಎಂಬುದಕ್ಕೆ ಅದರಲ್ಲಿ ಉತ್ತರವಿರಲಿಲ್ಲ.

ರಿಚರ್ಡ್ ಸ್ಟಾಲ್‌ಮನ್ ಅವರ ಉತ್ತರ ಬೇರೆ ನೆಲೆಯದು. ಬಳಕೆದಾರರಿಗೆ ಪೂರ್ಣ ಸ್ವಾತಂತ್ರ್ಯವಿರುವ, ಯುನಿಕ್ಸ್‌ಗೆ ಹೊಂದುವ, ಗ್ನು ಎಂಬ ಒಂದು ಇಡೀ ವ್ಯವಸ್ಥೆಯನ್ನು ಕಟ್ಟುತ್ತೇನೆಂದು 1983ರ ಸೆಪ್ಟೆಂಬರಿನಲ್ಲಿ ಸಾರಿದ ಅವರು, ತಾವು ಬರೆದುದರ ಮೇಲೆ ಸಂಸ್ಥೆ ಹಕ್ಕು ಹೂಡದಿರಲೆಂದು 1984ರ ಜನವರಿಯಲ್ಲಿ ಎಂಐಟಿಯ ಕೆಲಸ ಬಿಟ್ಟರು. 1987ರಲ್ಲಿ ಬಂದ ಜಿಸಿಸಿ ಕಂಪೈಲರ್ ಗ್ನು ಯೋಜನೆಯ ಬಹು ಮುಖ್ಯ ಸಾಧನೆ. ಅದಿಲ್ಲದೆ ಲಿನಕ್ಸ್ ಇರುತ್ತಿರಲಿಲ್ಲ. ಆದರೆ ಅವರ ಕೊಡುಗೆಗಳಲ್ಲಿ ಯಾವುದು ಹಿರಿದು ಎಂದರೆ ನಾನು ತಂತ್ರಾಂಶವನ್ನಲ್ಲ, 1989ರಲ್ಲಿ ಮೊದಲು ಬಂದು 1991ರಲ್ಲಿ ಪರಿಷ್ಕೃತವಾದ ಜಿಪಿಎಲ್ ಪರವಾನಗಿಯನ್ನು ಹೆಸರಿಸುತ್ತೇನೆ. ನಕಲು ಮಾಡುವುದನ್ನು ತಡೆಯಲು ಇರುವ ಕೃತಿಸ್ವಾಮ್ಯ ಕಾನೂನನ್ನೇ ಅದು ನಕಲಿನ ಹಕ್ಕನ್ನು ಕಾಯಲು ಬಳಸುತ್ತದೆ: ಬಳಸಿ, ಓದಿ, ತಿದ್ದಿ, ಹಂಚಿ, ಆದರೆ ಹಂಚುವಾಗ ಪಡೆದವರಿಗೂ ಸೋರ್ಸ್ ಕೋಡನ್ನು ಇದೇ ಹಕ್ಕುಗಳೊಂದಿಗೆ ಕೊಡಿ. ಗ್ನು ವ್ಯವಸ್ಥೆಗೆ ಆಗ ಇಲ್ಲದಿದ್ದದ್ದು ಕರ್ನೆಲ್ ಒಂದೇ. 1990ರಲ್ಲಿ ಶುರುವಾದ ಹರ್ಡ್ ಕರ್ನೆಲ್ ಕೆಲಸ ವರ್ಷಗಟ್ಟಲೆ ಎಳೆಯಿತು.

ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ನಡೆದದ್ದು ಇನ್ನೂ ಸ್ವಾರಸ್ಯಕರ. ಬಿಲ್ ಜಾಯ್ ಮತ್ತಿತರರು 1970ರ ದಶಕದ ಕೊನೆಯಿಂದ ಯುನಿಕ್ಸ್‌ಗೆ ಸೇರಿಸುತ್ತ ಬಂದದ್ದು ಬಿಎಸ್‌ಡಿ ಎಂದು ಹೆಸರಾಯಿತು. ಇಂಟರ್‌ನೆಟ್ಟಿನ ಟಿಸಿಪಿ/ಐಪಿ 1983ರ ಆವೃತ್ತಿಯಲ್ಲಿ ಬಂತು. ಎಟಿ ಅಂಡ್ ಟಿ ಬರೆದ ಭಾಗಗಳನ್ನು ಸ್ವಯಂಸೇವಕರಿಂದ ಹೊಸದಾಗಿ ಬರೆಸುತ್ತ ಹೋದಾಗ, 1991ರ ಬಿಡುಗಡೆಯ ಹೊತ್ತಿಗೆ ಕರ್ನೆಲ್‌ನಲ್ಲಿ ಬಾಕಿ ಉಳಿದದ್ದು ಆರು ಕಡತಗಳು. ಅವನ್ನು ವಿಲಿಯಂ ಜೋಲಿಟ್ಸ್ ಬರೆದು ತುಂಬಿದರು. ಸಾಮಾನ್ಯ ಪಿಸಿಯ ಮೇಲೆ ಓಡುವ 386ಬಿಎಸ್‌ಡಿ 1992ರಲ್ಲಿ ಬಂತು. ತಾಂತ್ರಿಕ ಪ್ರೌಢಿಮೆಯೊಂದೇ ಮಾನದಂಡವಾಗಿದ್ದರೆ ಗೆಲ್ಲಬೇಕಿದ್ದದ್ದು ಇದು. ಅದೇ ವರ್ಷ ಎಟಿ ಅಂಡ್ ಟಿಯ ಅಂಗಸಂಸ್ಥೆ ಮೊಕದ್ದಮೆ ಹೂಡಿತು. 1994ರ ಆರಂಭದಲ್ಲಿ ರಾಜಿಯಾದಾಗ ಸುಮಾರು 18,000 ಕಡತಗಳಲ್ಲಿ ತೆಗೆದುಹಾಕಬೇಕಾಗಿ ಬಂದದ್ದು ಮೂರು. ಆ ಮೂರು ಕಡತಗಳಿಗಾಗಿ ಎರಡು ವರ್ಷ ಬಿಎಸ್‌ಡಿಯ ಮೇಲೆ ಅನುಮಾನದ ನೆರಳಿತ್ತು. ಗ್ನು ಕರ್ನೆಲ್ ಅಥವಾ 386ಬಿಎಸ್‌ಡಿ ಕೈಗೆ ಸಿಗುವಂತಿದ್ದರೆ ತಾವು ಲಿನಕ್ಸ್ ಬರೆಯುತ್ತಿರಲಿಲ್ಲವೇನೋ ಎಂದು ಲಿನಸ್ ಟೊರ್ವಾಲ್ಡ್ಸ್ ಅವರೇ ಆಮೇಲೆ ಹೇಳಿದ್ದಾರೆ.

ಹೆಲ್ಸಿಂಕಿಯಲ್ಲಿ ವಿದ್ಯಾರ್ಥಿಯಾಗಿದ್ದ ಟೊರ್ವಾಲ್ಡ್ಸ್ 386 ಪಿಸಿಯೊಂದನ್ನು ಕೊಂಡು, ಮಿನಿಕ್ಸ್ ಓದಿ, 1991ರ ಆಗಸ್ಟ್ 25ರಂದು ತಮ್ಮ ಹವ್ಯಾಸದ ಕೆಲಸವನ್ನು ಮಿನಿಕ್ಸ್ ಬಳಕೆದಾರರಿಗೆ ತಿಳಿಸಿದರು. ಸೆಪ್ಟೆಂಬರಿನ 0.01 ಆವೃತ್ತಿಯಲ್ಲಿ ಇದ್ದದ್ದು ಹತ್ತು ಸಾವಿರದಷ್ಟು ಸಾಲು, ಅಂದರೆ ಲಯನ್ಸ್ ಪುಸ್ತಕದ ಕರ್ನೆಲ್‌ನಷ್ಟೇ ಗಾತ್ರ. ಕಾರ್ಯಾಚರಣ ವ್ಯವಸ್ಥೆಯನ್ನು ಬಲ್ಲ ಒಬ್ಬರು ಕೆಲವು ವಾರಾಂತ್ಯಗಳಲ್ಲಿ ಪೂರ್ತಿ ಓದಿ ಅರ್ಥಮಾಡಿಕೊಳ್ಳಬಹುದಾದಷ್ಟು ಚಿಕ್ಕದು. ಈ ಸಂಗತಿಗೆ ಸಿಗಬೇಕಾದಷ್ಟು ಗಮನ ಸಿಕ್ಕಿಲ್ಲ. ಮೊದಲ ಬಳಕೆದಾರರು ಓದುಗರಾದದ್ದು, ಓದುಗರು ಸಹಲೇಖಕರಾದದ್ದು ಈ ಗಾತ್ರದಿಂದಲೇ. ಎರಡು ಮೆಗಾಬೈಟ್ ಮೆಮೊರಿಯಷ್ಟೇ ಇದ್ದ ಬಳಕೆದಾರರೊಬ್ಬರಿಗೆ ಕರ್ನೆಲ್ ಕಂಪೈಲ್ ಮಾಡಲಾಗಲಿಲ್ಲವೆಂದು ಟೊರ್ವಾಲ್ಡ್ಸ್, ಮೆಮೊರಿ ಸಾಲದಾಗ ಡಿಸ್ಕನ್ನು ಬಳಸುವ ಸೌಲಭ್ಯವನ್ನು ಬರೆದುಕೊಟ್ಟರು. ಮಿನಿಕ್ಸ್‌ನಲ್ಲಿ ತಿರಸ್ಕೃತವಾಗುತ್ತಿದ್ದಂಥ ಬೇಡಿಕೆಗೆ ಇಲ್ಲಿ ಜಾಗವಿತ್ತು. ಲಿನಕ್ಸ್‌ನ ರಚನೆ ಹಳೆಯ ಕಾಲದ್ದು ಎಂದು ಟನೆನ್‌ಬಾಮ್ 1992ರ ಜನವರಿಯಲ್ಲಿ ಮಾಡಿದ ಟೀಕೆ ಸಿದ್ಧಾಂತದ ದೃಷ್ಟಿಯಿಂದ ಹುರುಳಿಲ್ಲದ್ದೇನಲ್ಲ. ಆದರೆ ಜನ ಅಷ್ಟರಲ್ಲಾಗಲೇ ಅತ್ತ ಹೊರಟಿದ್ದರು. ಮೊದಲು ಹಣಕ್ಕೆ ಮಾರುವುದನ್ನು ನಿಷೇಧಿಸಿದ್ದ ತಮ್ಮದೇ ಪರವಾನಗಿಯನ್ನು ಬಿಟ್ಟು 1992ರ ಆರಂಭದಲ್ಲಿ ಟೊರ್ವಾಲ್ಡ್ಸ್ ಜಿಪಿಎಲ್‌ಗೆ ಬಂದದ್ದು ಉಳಿದೆಲ್ಲ ತಾಂತ್ರಿಕ ತೀರ್ಮಾನಗಳಿಗಿಂತ ಹೆಚ್ಚು ಫಲ ಕೊಟ್ಟಿತು. ಗ್ನು ಉಪಕರಣಗಳು, ಲಿನಕ್ಸ್ ಕರ್ನೆಲ್ ಎರಡೂ ಒಂದೇ ಕಾನೂನಿನಡಿ ಸೇರಿದವು. 1993ರಲ್ಲಿ ಸ್ಲಾಕ್‌ವೇರ್ ಮತ್ತು ಡೆಬಿಯನ್ ಎಂಬ ವಿತರಣೆಗಳು ಹುಟ್ಟಿದವು. 1994ರ ಮಾರ್ಚ್‌ನಲ್ಲಿ 1.0 ಬಂದಾಗ ಕರ್ನೆಲ್ ಸುಮಾರು 1,76,000 ಸಾಲಿಗೆ ಬೆಳೆದಿತ್ತು.

ಪರವಾನಗಿ ಮಾಡುವ ವ್ಯತ್ಯಾಸಕ್ಕೆ ಮಿನಿಕ್ಸ್‌ನ ಮುಂದಿನ ಕಥೆಯೇ ನಿದರ್ಶನ. 2000ದಲ್ಲಿ ಅದಕ್ಕೆ ಬಿಎಸ್‌ಡಿ ಬಗೆಯ ಪರವಾನಗಿ ಬಂತು. ತಿದ್ದಿದ್ದನ್ನು ಮರಳಿಸಬೇಕೆಂಬ ಕಟ್ಟಳೆ ಅದರಲ್ಲಿಲ್ಲ. ಇಂಟೆಲ್ ಚಿಪ್‌ಸೆಟ್‌ಗಳ ಒಳಗಿನ ನಿರ್ವಹಣಾ ಘಟಕದಲ್ಲಿ ಮಿನಿಕ್ಸ್ 3 ಓಡುತ್ತಿದೆಯೆಂದು 2017ರಲ್ಲಿ ಸಂಶೋಧಕರು ಬಯಲಿಗೆ ತಂದಾಗ, ಅದನ್ನು ಬರೆದ ಟನೆನ್‌ಬಾಮ್ ಅವರಿಗೂ ಅದು ಹೊಸ ಸುದ್ದಿ. ಕಾನೂನಿನ ಪ್ರಕಾರ ತಪ್ಪೇನೂ ನಡೆದಿರಲಿಲ್ಲ. ಲೋಕದ ಅಸಂಖ್ಯ ಗಣಕಗಳಲ್ಲಿ ಅವರ ಕೃತಿಯಿದೆ, ಆದರೆ ಆ ಗಣಕಗಳ ಮಾಲೀಕರಿಗೆ ಅದನ್ನು ಓದಲು ಬರುವುದಿಲ್ಲ. ಬಿಎಸ್‌ಡಿ ಪರವಾನಗಿ ಬಳಸುವವನಿಗೆ ಹೆಚ್ಚು ಸ್ವಾತಂತ್ರ್ಯ ಕೊಡುತ್ತದೆ ಎಂಬ ವಾದ ನಿಜ; ಆ ಸ್ವಾತಂತ್ರ್ಯ ಮೊದಲ ಕೈಯಲ್ಲೇ ನಿಲ್ಲಬಹುದು ಎಂಬುದೂ ನಿಜ. ಪೈಪೋಟಿಯಲ್ಲಿರುವ ಕಂಪನಿಗಳು ಲಿನಕ್ಸ್‌ನಲ್ಲಿ ಒಟ್ಟಿಗೆ ಹಣ ಹೂಡಿದ್ದಕ್ಕೂ ಇದೇ ಕಾರಣವೆಂದು ನಾನು ತಿಳಿಯುತ್ತೇನೆ. 2001ರಲ್ಲಿ ನೂರು ಕೋಟಿ ಡಾಲರ್ ತೊಡಗಿಸುವುದಾಗಿ ಸಾರಿದ ಐಬಿಎಂ ಕಂಪನಿಗೆ, ತಾನು ಕೊಟ್ಟದ್ದನ್ನು ಎದುರಾಳಿ ಗುಟ್ಟಾಗಿ ಬೆಳೆಸಿ ಮಾರಲಾರ ಎಂಬ ಖಾತರಿ ಜಿಪಿಎಲ್‌ನಲ್ಲಿತ್ತು. 2017ರ ನವೆಂಬರ್ ಪಟ್ಟಿಯಿಂದೀಚೆಗೆ ಜಗತ್ತಿನ ಅತಿ ವೇಗದ 500 ಸೂಪರ್‌ಕಂಪ್ಯೂಟರುಗಳೆಲ್ಲವೂ ಲಿನಕ್ಸ್‌ನಲ್ಲೇ ಓಡುತ್ತಿವೆ.

ಬೆಳೆದದ್ದರ ಬೆಲೆಯನ್ನೂ ಲೆಕ್ಕಕ್ಕೆ ಹಿಡಿಯಬೇಕು. ಕರ್ನೆಲ್ ಈಗ ಸುಮಾರು 4 ಕೋಟಿ ಸಾಲುಗಳದ್ದು. ಅದನ್ನು ಪೂರ್ತಿ ಓದಿದವರು ಯಾರೂ ಇರಲಾರರು. ಆಂಡ್ರಾಯ್ಡ್ ಫೋನಿನಲ್ಲಿರುವುದು ಲಿನಕ್ಸ್ ಕರ್ನೆಲ್ಲೇ ಆದರೂ ಕಂಪನಿಯ ಸಹಿಯಿಲ್ಲದ ಕರ್ನೆಲ್ಲನ್ನು ಒಪ್ಪದ ಫೋನುಗಳೇ ಹೆಚ್ಚು. ಇಂಥ ಬೀಗವನ್ನು ತಡೆಯುವ ಕಲಮುಗಳು 2007ರ ಮೂರನೇ ಜಿಪಿಎಲ್‌ನಲ್ಲಿವೆ. ಲಿನಕ್ಸ್ ಎರಡನೆಯದರಲ್ಲೇ ಉಳಿಯಿತು. ಓದುವ ಹಕ್ಕು ಉಳಿಯಿತು, ತಿದ್ದಿದ್ದನ್ನು ಸ್ವಂತ ಯಂತ್ರದಲ್ಲಿ ಓಡಿಸುವ ಹಕ್ಕು ಕೋಟ್ಯಂತರ ಜನರ ಪಾಲಿಗೆ ಕಾಗದದ ಮೇಲೆ ಉಳಿದಿದೆ.

ಎಲ್ಲರಿಗೂ ತೆರೆದಿದ್ದರೆ ತಪ್ಪುಗಳು ತಾವಾಗಿ ಬಯಲಾಗುತ್ತವೆ ಎಂಬ ನಂಬಿಕೆಯನ್ನು 2024ರ ಎಕ್ಸ್‌ಝೆಡ್ ಪ್ರಕರಣ ಪರೀಕ್ಷೆಗೆ ಒಡ್ಡಿತು. ಲಿನಕ್ಸ್ ವಿತರಣೆಗಳಲ್ಲೆಲ್ಲ ಬಳಕೆಯಾಗುವ ಆ ಸಂಕೋಚನ ತಂತ್ರಾಂಶವನ್ನು ಬಹುಕಾಲ ಒಬ್ಬರೇ, ಬಿಡುವಿನ ವೇಳೆಯಲ್ಲಿ ನೋಡಿಕೊಳ್ಳುತ್ತಿದ್ದರು. ಹುಸಿ ಹೆಸರಿನ ವ್ಯಕ್ತಿಯೊಬ್ಬ ಎರಡು ವರ್ಷಕ್ಕೂ ಮಿಕ್ಕಿ ಒಳ್ಳೆಯ ಕೆಲಸ ಮಾಡಿಕೊಟ್ಟು ವಿಶ್ವಾಸ ಗಳಿಸಿ, ಆಮೇಲೆ ಅದರಲ್ಲಿ ಹಿಂಬಾಗಿಲು ಇಟ್ಟ. ಎಲ್ಲಿಟ್ಟ ಎಂಬುದು ಗಮನಾರ್ಹ. ದುಷ್ಟ ಕೋಡು ಪರೀಕ್ಷೆಗೆಂದು ಇಟ್ಟ ಬೈನರಿ ಕಡತಗಳಲ್ಲಿತ್ತು; ಅದನ್ನು ಎಬ್ಬಿಸುವ ಸಾಲುಗಳು ಬಿಡುಗಡೆಯ ಕಟ್ಟಿನಲ್ಲಿ ಮಾತ್ರ ಇದ್ದವು, ಎಲ್ಲರೂ ಓದುವ ಗಿಟ್ ಭಂಡಾರದಲ್ಲಿ ಇರಲಿಲ್ಲ. ಅಂದರೆ ಓದುಗರು ಎಲ್ಲಿ ಕಣ್ಣು ಹಾಯಿಸುವುದಿಲ್ಲವೋ ಅಲ್ಲೇ ಅಡಗಿಸಲಾಗಿತ್ತು. ದೂರದ ಗಣಕಕ್ಕೆ ಲಾಗಿನ್ ಆಗುವಾಗ ಅರ್ಧ ಸೆಕೆಂಡ್ ತಡವಾಗುತ್ತಿದೆಯಲ್ಲ ಎಂದು ಬೆನ್ನುಹತ್ತಿದ ಎಂಜಿನಿಯರ್ ಆಂಡ್ರೆಸ್ ಫ್ರೊಯಿಂಡ್ ಮಾರ್ಚ್ 29ರಂದು ಅದನ್ನು ಬಹಿರಂಗಪಡಿಸಿದರು. ಸೋರ್ಸ್ ಕೋಡ್ ಮುಚ್ಚಿದ್ದರೆ ಆ ಬೆನ್ನುಹತ್ತುವಿಕೆ ಸಾಧ್ಯವಿರಲಿಲ್ಲ. ಆದರೆ ಹಕ್ಕಿದ್ದ ಮಾತ್ರಕ್ಕೆ ಓದು ನಡೆಯುವುದಿಲ್ಲ. ಅದಕ್ಕೆ ಸಮಯ, ಸಂಬಳ, ಜೊತೆಗಾರರು ಬೇಕು.

ಕರ್ನಾಟಕಕ್ಕೂ ಈ ಚರಿತ್ರೆಯಲ್ಲಿ ಪಾಲಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಅಧ್ಯಾಪಕರು ಮತ್ತು ಎನ್‌ಕೋರ್ ಕಂಪನಿಯ ಎಂಜಿನಿಯರುಗಳು ಸೇರಿ ರೂಪಿಸಿದ ಸಿಂಪ್ಯೂಟರ್ ಎಂಬ ಕೈಗಣಕ ಲಿನಕ್ಸ್‌ನಲ್ಲಿ ಓಡುತ್ತಿತ್ತು. ಯಂತ್ರಾಂಶದ ವಿನ್ಯಾಸಕ್ಕೂ ಜಿಪಿಎಲ್ ಮಾದರಿಯ ಪರವಾನಗಿ ಬರೆದದ್ದು ಆ ಕಾಲಕ್ಕೆ ದಿಟ್ಟ ಹೆಜ್ಜೆ. 2004ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ಅದನ್ನು ತಯಾರಿಸಿತು, ಮಾರಾಟ ನಿರೀಕ್ಷೆಯಷ್ಟಾಗಲಿಲ್ಲ. ಹೆಚ್ಚು ಬಾಳಿದ ಕೆಲಸ ಲಿಪಿಯದು. ಕನ್ನಡದ ಅರ್ಕಾವತ್ತು ಉಚ್ಚಾರಣೆಯಲ್ಲಿ ಮೊದಲು, ಬರಹದಲ್ಲಿ ನಂತರ. ‘ಸೂರ್ಯ’ದ ರಕಾರವನ್ನು ಗಣಕ ಯಕಾರದ ಆಚೆಗೆ ಒಯ್ದು ಕೂರಿಸಬೇಕು, ‘ರ‍್ಯಾಂಕ್’ನಲ್ಲಿ ಅದೇ ರಕಾರವನ್ನು ಇದ್ದಲ್ಲೇ ಬಿಟ್ಟು ಯವೊತ್ತು ಕೊಡಬೇಕು. ಈ ನಿಯಮಗಳು ಹಾರ್ಫ್‌ಬಝ್ ಎಂಬ ಮುಕ್ತ ತಂತ್ರಾಂಶದಲ್ಲಿ ಯಾರು ಬೇಕಾದರೂ ಓದಬಹುದಾದ ರೂಪದಲ್ಲಿವೆ. ಆಂಡ್ರಾಯ್ಡ್, ಫೈರ್‌ಫಾಕ್ಸ್, ಲಿಬ್ರೆಆಫೀಸ್‌ಗಳಲ್ಲಿ ಕನ್ನಡ ಮೂಡುವುದು ಅದರಿಂದಲೇ. ಲೋಹಿತ್, ಗುಬ್ಬಿ, ನವಿಲು ಅಕ್ಷರಶೈಲಿಗಳೂ ಹೀಗೆಯೇ ಮುಕ್ತ. ಒತ್ತಕ್ಷರ ತಪ್ಪಿದರೆ ಕಂಪನಿಯ ಮುಂದೆ ಅರ್ಜಿ ಹಿಡಿದು ಕಾಯುವ ಅಗತ್ಯವಿಲ್ಲ. ತಪ್ಪನ್ನು ತೋರಿಸಬಹುದು, ಬಲ್ಲವರು ತಿದ್ದಿ ಕಳಿಸಬಹುದು. ಮಾರುಕಟ್ಟೆಯ ಲೆಕ್ಕದಲ್ಲಿ ಸಣ್ಣದೆನಿಸಿಕೊಳ್ಳುವ ಭಾಷೆಗಳಿಗೆ ಇದಕ್ಕಿಂತ ದೊಡ್ಡ ಆಕರ್ಷಣೆ ಬೇರೆ ಇಲ್ಲ.

ಆದರೂ ನಮ್ಮ ಕೆಲಸ ತೆರೆಯ ಮೇಲಿನ ಅಕ್ಷರಕ್ಕೇ ನಿಂತಿದೆ. ಲಿನಕ್ಸ್ ಕರ್ನೆಲ್‌ನ ದಾಖಲೆಗಳ ಚೀನಿ, ಜಪಾನಿ, ಕೊರಿಯನ್, ಇಟಾಲಿಯನ್, ಸ್ಪ್ಯಾನಿಷ್ ಅನುವಾದಗಳು ಕರ್ನೆಲ್‌ನ ಜೊತೆಯಲ್ಲೇ ಬರುತ್ತವೆ. ಭಾರತೀಯ ಭಾಷೆಗಳು ಅಲ್ಲಿಲ್ಲ. ಲಯನ್ಸ್ ತಮ್ಮ ವಿದ್ಯಾರ್ಥಿಗಳಿಗೆ ಮಾಡಿಕೊಟ್ಟದ್ದನ್ನು ಕನ್ನಡದಲ್ಲಿ ಮಾಡಲು ಯಾವ ಪರವಾನಗಿಯ ಅಡ್ಡಿಯೂ ಇಲ್ಲ. 1991ರ 0.01 ಆವೃತ್ತಿಯ ಹತ್ತು ಸಾವಿರ ಸಾಲು ಇಂದಿಗೂ ಲಭ್ಯವಿದೆ. ಅದಕ್ಕೊಂದು ಕನ್ನಡ ಟೀಕೆ ಒಂದು ವಿಶ್ವವಿದ್ಯಾಲಯದ ವಿಭಾಗ ಎರಡು ವರ್ಷಗಳಲ್ಲಿ ಮುಗಿಸಬಹುದಾದ ಯೋಜನೆ.