‘ಹಳೆ ಸರ್ವರ್ ಚೆನ್ನಾಗೇ ಓಡ್ತಿದೆ, ಮುಟ್ಟಬೇಡಿ’ ಎಂಬ ಮಾತು ಎಷ್ಟು ನಿಜ?

ಸಿರವಾರ, ಮಾನ್ವಿ, ದೇವದುರ್ಗ, ರಾಯಚೂರು ಭಾಗದ ಹತ್ತಿ ಜಿನ್ನಿಂಗ್ ಮಿಲ್, ರೈಸ್ ಮಿಲ್, ದಲಾಲಿ ಅಂಗಡಿ, ಗೊಬ್ಬರದ ಅಂಗಡಿ, ಯಾವುದನ್ನೇ ತೆಗೆದುಕೊಳ್ಳಿ. ಇಂದು ಲೆಕ್ಕವೆಲ್ಲ ಕಂಪ್ಯೂಟರ್‌ನಲ್ಲಿ. ನಾಲ್ಕಾರು ಕಂಪ್ಯೂಟರ್ ಇರುವ ಕಡೆ ಒಂದರಲ್ಲಿ ಮಾತ್ರ ಮೂಲ ಲೆಕ್ಕ ಇರುತ್ತದೆ, ಉಳಿದವು ಅದರಿಂದ ಓದುತ್ತವೆ. ಆ ಒಂದು ಯಂತ್ರವೇ ಸರ್ವರ್. ಅದು ನಿಂತರೆ ಬಿಲ್ ನಿಲ್ಲುತ್ತದೆ, ರೈತರಿಗೆ ಪಟ್ಟಿ ಕೊಡುವುದು ನಿಲ್ಲುತ್ತದೆ. ಇದರ ಬಗ್ಗೆ ಪದೇ ಪದೇ ಕೇಳಿಬರುವ ಐದು ಮಾತುಗಳನ್ನು ನಾವಿಲ್ಲಿ ಪರಿಶೀಲಿಸಿದ್ದೇವೆ.

1. ‘ಓಡುತ್ತಿದೆ ಎಂದರೆ ಸರಿಯಾಗಿದೆ ಎಂದರ್ಥ’

ತಪ್ಪು. ಯಂತ್ರ ಓಡುವುದೇ ಬೇರೆ, ಸುರಕ್ಷಿತವಾಗಿರುವುದೇ ಬೇರೆ. ವಿಂಡೋಸ್ ಸರ್ವರ್ 2012ಕ್ಕೆ ಮೈಕ್ರೋಸಾಫ್ಟ್‌ನ ಬೆಂಬಲ 2023ರ ಅಕ್ಟೋಬರ್ 10ಕ್ಕೆ ಮುಗಿದಿದೆ. ವಿಂಡೋಸ್ 7ಕ್ಕೆ 2020ರ ಜನವರಿ 14ಕ್ಕೇ ಮುಗಿದಿತ್ತು. ವಿಂಡೋಸ್ ಸರ್ವರ್ 2016ರ ಕೊನೆಯ ದಿನ 2027ರ ಜನವರಿ 12. ಆ ದಿನ ಯಂತ್ರವೇನೂ ನಿಲ್ಲುವುದಿಲ್ಲ. ಆದರೆ ಆಮೇಲೆ ಸಿಗುವ ದೋಷಗಳಿಗೆ ಉಚಿತ ತಿದ್ದುಪಡಿ ಬರುವುದಿಲ್ಲ. ಬೀಗ ಕೆಟ್ಟಿದೆ ಎಂದು ಕಳ್ಳನಿಗೆ ಗೊತ್ತು, ರಿಪೇರಿ ಮಾಡುವವರು ಇಲ್ಲ ಎಂಬಂಥ ಸ್ಥಿತಿ.

2017ರ ಮೇ ತಿಂಗಳಲ್ಲಿ ವಾನ್ನಾಕ್ರೈ ಎಂಬ ರ‍್ಯಾನ್ಸಮ್‌ವೇರ್ ಜಗತ್ತಿನಾದ್ಯಂತ ಕಂಪ್ಯೂಟರ್‌ಗಳಿಗೆ ಬೀಗ ಹಾಕಿ ಹಣ ಕೇಳಿತು. ಅದು ಬಳಸಿಕೊಂಡ ದೋಷಕ್ಕೆ ಮಾರ್ಚ್ ತಿಂಗಳಲ್ಲೇ ತಿದ್ದುಪಡಿ ಬಂದಿತ್ತು. ಅದನ್ನು ಹಾಕಿಕೊಳ್ಳದವರೇ ಸಿಕ್ಕಿಬಿದ್ದರು.

2. ‘ಸರ್ವರ್ ಹಾಳಾಗುವುದು ವಯಸ್ಸಾದ್ದರಿಂದ ಮಾತ್ರ’

ಅರ್ಧ ಸತ್ಯ. ವಯಸ್ಸಿನ ಜೊತೆಗೆ ಬಿಸಿಲು ಮತ್ತು ಧೂಳು ಸೇರಿಕೊಳ್ಳುತ್ತವೆ. ಸರ್ವರ್‌ಗೆ ಒಳಹೋಗುವ ಗಾಳಿ 18ರಿಂದ 27 ಡಿಗ್ರಿ ಸೆಲ್ಸಿಯಸ್ ಇರಲಿ ಎಂಬುದು ಅಂತರರಾಷ್ಟ್ರೀಯ ಶಿಫಾರಸು. ರಾಯಚೂರಿನ ಬೇಸಿಗೆ 40 ಡಿಗ್ರಿ ದಾಟುತ್ತದೆ. ಬೋರ್ಡ್ ಮೇಲಿನ ಕೆಪಾಸಿಟರ್‌ಗಳ ಆಯುಷ್ಯ ಪ್ರತಿ 10 ಡಿಗ್ರಿ ಏರಿಕೆಗೆ ಸುಮಾರು ಅರ್ಧಕ್ಕೆ ಇಳಿಯುತ್ತದೆ ಎಂಬುದು ಎಂಜಿನಿಯರ್‌ಗಳ ಸ್ಥೂಲ ಲೆಕ್ಕ. ಅದರ ಮೇಲೆ ಹತ್ತಿಯ ನೂಲು, ಅಕ್ಕಿ ತೌಡಿನ ಧೂಳು ಫ್ಯಾನಿಗೆ ಮೆತ್ತಿಕೊಂಡರೆ ಗಾಳಿ ಆಡುವುದಿಲ್ಲ. ಯುಪಿಎಸ್ ಬ್ಯಾಟರಿಯೂ ಸಾಮಾನ್ಯವಾಗಿ 3ರಿಂದ 5 ವರ್ಷ ಬರುತ್ತದೆ, ಬಿಸಿ ಜಾಗದಲ್ಲಿ ಇನ್ನೂ ಬೇಗ ಸೋಲುತ್ತದೆ. ಹಾಗಾಗಿ ಸರ್ವರ್ ಅನ್ನು ಮಿಲ್ಲಿನ ಯಂತ್ರಗಳಿಂದ ದೂರ, ತಂಪಾದ ಬೇರೆ ಕೋಣೆಯಲ್ಲಿ ಇಡುವುದೇ ಮೊದಲ ಚಿಕಿತ್ಸೆ.

3. ‘ಎರಡು ಡಿಸ್ಕ್ ಇವೆ, ಬ್ಯಾಕಪ್ ಬೇಕಿಲ್ಲ’

ತಪ್ಪು, ಅಪಾಯಕಾರಿಯೂ ಹೌದು. ಎರಡು ಡಿಸ್ಕ್‌ಗಳಲ್ಲಿ ಒಂದೇ ಮಾಹಿತಿ ಬರೆಯುವ ವ್ಯವಸ್ಥೆ, ಒಂದು ಡಿಸ್ಕ್ ಕೆಟ್ಟಾಗ ಕೆಲಸ ನಿಲ್ಲದಂತೆ ನೋಡಿಕೊಳ್ಳುತ್ತದೆ ಅಷ್ಟೆ. ತಪ್ಪಾಗಿ ಅಳಿಸಿದರೆ ಎರಡರಲ್ಲೂ ಅಳಿಯುತ್ತದೆ. ವೈರಸ್ ಬಂದರೆ ಎರಡಕ್ಕೂ ಬರುತ್ತದೆ.

ಬ್ಯಾಕಪ್‌ನ ಬೆಲೆ ತಿಳಿಯಲು ದೆಹಲಿಯ ಏಮ್ಸ್ ಆಸ್ಪತ್ರೆಯ ಘಟನೆ ನೋಡಿ. 2022ರ ನವೆಂಬರ್ 23ರಂದು ಅಲ್ಲಿನ ಸರ್ವರ್‌ಗಳ ಮೇಲೆ ಸೈಬರ್ ದಾಳಿ ನಡೆಯಿತು. ನೋಂದಣಿ, ಲ್ಯಾಬ್ ವರದಿಯಂಥ ಕೆಲಸಗಳನ್ನು ದಿನಗಟ್ಟಲೆ ಕೈಬರಹದಲ್ಲಿ ನಡೆಸಬೇಕಾಯಿತು. ದಾಳಿಗೆ ಸಿಗದೆ ಉಳಿದಿದ್ದ ಬ್ಯಾಕಪ್ ಸರ್ವರ್‌ನಿಂದ ಇ-ಹಾಸ್ಪಿಟಲ್ ಮಾಹಿತಿಯನ್ನು ಮರಳಿ ಪಡೆಯಲಾಯಿತು ಎಂದು ಸರ್ಕಾರ ಸಂಸತ್ತಿಗೆ ತಿಳಿಸಿತು.

ಸರಳ ಸೂತ್ರ 3-2-1: ಮಾಹಿತಿಯ ಮೂರು ಪ್ರತಿ, ಎರಡು ಬಗೆಯ ಸಾಧನದಲ್ಲಿ, ಒಂದು ಪ್ರತಿ ಬೇರೆ ಊರಲ್ಲಿ ಅಥವಾ ಬೇರೆ ಕಟ್ಟಡದಲ್ಲಿ. ಬ್ಯಾಕಪ್ ಡಿಸ್ಕ್ ಅನ್ನು ಸದಾ ಸರ್ವರ್‌ಗೇ ಚುಚ್ಚಿಡಬೇಡಿ. ತಿಂಗಳಿಗೊಮ್ಮೆ ಅದರಿಂದ ಲೆಕ್ಕ ತೆರೆದು ನೋಡಿ, ತೆರೆಯದ ಬ್ಯಾಕಪ್ ಇದ್ದೂ ಇಲ್ಲದಂತೆ. ಜಿಎಸ್‌ಟಿ ಕಾಯ್ದೆಯ ಪ್ರಕಾರ ವಾರ್ಷಿಕ ರಿಟರ್ನ್‌ನ ಕೊನೆಯ ದಿನಾಂಕದಿಂದ 72 ತಿಂಗಳವರೆಗೆ ಲೆಕ್ಕಪತ್ರ ಉಳಿಸಿಕೊಳ್ಳಬೇಕು ಎಂಬುದೂ ನೆನಪಿರಲಿ.

4. ‘ಹೊಸದು ತಂದರೆ, ಕ್ಲೌಡ್‌ಗೆ ಹಾಕಿದರೆ ಚಿಂತೆ ಮುಗಿಯಿತು’

ಪೂರ್ತಿ ನಿಜವಲ್ಲ. ನಮ್ಮ ರಾಜ್ಯದ್ದೇ ಉದಾಹರಣೆ ಇದೆ. ಆಸ್ತಿ ನೋಂದಣಿಗೆ 2003ರಲ್ಲಿ ಬಂದ ಕಾವೇರಿ ತಂತ್ರಾಂಶ ಸುಮಾರು ಎರಡು ದಶಕ ದುಡಿಯಿತು. 2023ರಲ್ಲಿ ಕಾವೇರಿ 2.0 ಬಂತು. ಅದನ್ನು ಒಂದೇ ದಿನ ಎಲ್ಲೆಡೆ ಹೇರದೆ ಹಂತ ಹಂತವಾಗಿ ಉಪನೋಂದಣಿ ಕಚೇರಿಗಳಿಗೆ ವಿಸ್ತರಿಸಿದರು. ಈ ಕ್ರಮ ಸಣ್ಣ ಅಂಗಡಿಗೂ ಪಾಠ: ಕೆಲವು ದಿನ ಹಳೆಯದು, ಹೊಸದು ಎರಡನ್ನೂ ಓಡಿಸಿ, ಲೆಕ್ಕ ತಾಳೆ ನೋಡಿ, ಆಮೇಲೆ ಹಳೆಯದನ್ನು ನಿಲ್ಲಿಸಿ. ಹತ್ತಿ, ಭತ್ತದ ಸುಗ್ಗಿಯಲ್ಲಿ ಬದಲಾವಣೆಗೆ ಕೈ ಹಾಕಬೇಡಿ.

ಆದರೆ 2025ರ ಆರಂಭದಲ್ಲಿ ಇದೇ ಕಾವೇರಿ 2.0 ಮೇಲೆ ನಕಲಿ ಬೇಡಿಕೆಗಳ ಮಹಾಪೂರ ಹರಿಸುವ ದಾಳಿ ನಡೆದು ನೋಂದಣಿಗೆ ತೊಂದರೆಯಾಯಿತು. ಹೊಸ ವ್ಯವಸ್ಥೆಗೂ ಕಾವಲು ಬೇಕೇ ಬೇಕು. ಕ್ಲೌಡ್‌ನಲ್ಲಿ ಯಂತ್ರದ ಹೊಣೆ ಕಂಪನಿಯದು, ಪಾಸ್‌ವರ್ಡ್‌ನ ಹೊಣೆ ನಿಮ್ಮದೇ. ಜೊತೆಗೆ, ಇಂಟರ್ನೆಟ್ ಹೋದರೆ ಕೆಲಸ ನಿಲ್ಲುತ್ತದೆ. ಎರಡನೇ ಸಂಪರ್ಕ ಇದೆಯೇ ಎಂದು ಮೊದಲೇ ನೋಡಿಕೊಳ್ಳಿ.

5. ‘ಫಾರ್ಮ್ಯಾಟ್ ಮಾಡಿ ಗುಜರಿಗೆ ಕೊಟ್ಟರಾಯಿತು’

ತಪ್ಪು. ಕ್ವಿಕ್ ಫಾರ್ಮ್ಯಾಟ್ ಮಾಡಿದರೆ ಪುಸ್ತಕದ ಪರಿವಿಡಿ ಹರಿದಂತೆ, ಒಳಗಿನ ಪುಟಗಳು ಹಾಗೇ ಇರುತ್ತವೆ. ರೈತರ ಬ್ಯಾಂಕ್ ಖಾತೆ, ಆಧಾರ್ ವಿವರ ಅದರಲ್ಲಿದ್ದರೆ ಇನ್ನೊಬ್ಬರ ಕೈಗೆ ಸಿಗಬಹುದು. ಡಿಸ್ಕ್ ಪೂರ್ತಿ ಅಳಿಸಿ ಅಥವಾ ತೆಗೆದು ನಾಶಪಡಿಸಿ, ಉಳಿದದ್ದನ್ನು ನೋಂದಾಯಿತ ಇ-ತ್ಯಾಜ್ಯ ಸಂಸ್ಥೆಗೆ ಕೊಡಿ.

ಇವತ್ತೇ ಮಾಡಬಹುದಾದ್ದು

ಹಣ ಇಲ್ಲದಿದ್ದರೂ ಈ ನಾಲ್ಕು ಕೆಲಸ ಸಾಧ್ಯ. ಯಂತ್ರ ಕೊಂಡ ವರ್ಷ, ವಿಂಡೋಸ್ ಆವೃತ್ತಿ, ಯಾರ ಬಳಿ ಯಾವ ಪಾಸ್‌ವರ್ಡ್ ಇದೆ ಎಂಬುದನ್ನು ಒಂದು ಹಾಳೆಯಲ್ಲಿ ಬರೆಯಿರಿ. ಪಾಸ್‌ವರ್ಡ್ ಮಾತ್ರ ಅದರಲ್ಲಿ ಬರೆಯಬೇಡಿ. ಇಂದೇ ಒಂದು ಬ್ಯಾಕಪ್ ತೆಗೆಯಿರಿ. ಮನೆಯಿಂದ ಲೆಕ್ಕ ನೋಡಲೆಂದು ಇಂಟರ್ನೆಟ್‌ಗೆ ನೇರ ತೆರೆದಿಟ್ಟ ರಿಮೋಟ್ ಡೆಸ್ಕ್‌ಟಾಪ್ ಮುಚ್ಚಿಸಿ. ಸರ್ವರ್‌ನಲ್ಲಿ ಕ್ರ್ಯಾಕ್ ಮಾಡಿದ ತಂತ್ರಾಂಶ ಇದ್ದರೆ ತೆಗೆಸಿ.

ಹಳೆ ಸರ್ವರ್ ಇಟ್ಟುಕೊಳ್ಳುವುದು ತಪ್ಪಲ್ಲ. ಅದು ನಾಳೆ ಬೆಳಿಗ್ಗೆ ಆನ್ ಆಗದಿದ್ದರೆ ಏನು ಮಾಡುವುದು ಎಂದು ಗೊತ್ತಿಲ್ಲದಿರುವುದು ತಪ್ಪು. ‘ಮುಟ್ಟಬೇಡಿ’ ಎನ್ನುವ ಸಂದೇಶ ನಿಮ್ಮ ಗ್ರೂಪಿಗೆ ಬಂದರೆ, ಮುಂದೆ ಕಳಿಸುವ ಮುನ್ನ ‘ಕೊನೆಯ ಬ್ಯಾಕಪ್ ತೆಗೆದದ್ದು ಯಾವಾಗ?’ ಎಂದು ಒಮ್ಮೆ ಕೇಳಿ.